ಕಣ್ಣಿಗೆ ತೂತು

ಗೋಡೆಮ್ಯಾಲೆ ಬೆಳಕು ಬಿಟ್ಟು ತೋರಿಸಿದ್ರು ಪಾಲಾಕ್ಷಪ್ಪ ಮೇಷ್ಟ್ರು:
ಬರೀ ತಲೆ. ಕತ್ತಿನ ಕೆಳಗೆ ಏನೂ ಇಲ್ಲ.
ಮೂರು ಮೂಲೆಯ ಕಣ್ಣು, ನಡುವೆ ತೂತು,
ತುಟಿ ಈಗಷ್ಟೆ ಏನೋ ಅಂದು ಮುಚ್ಚಿದಂಗೆ.
ಆಫ್ರಿಕಾದ್ದು, ನೋಕ್ ಅಂತ ಊರು,
ಸುಟ್ಟು ಎರಡು ಸಾವಿರ ವರ್ಷದ ಮ್ಯಾಲಾಯ್ತು, ಅಂದ್ರು.
ನಾನು ಬಾಗಿಲಾಗೆ ನಿಂತಿದ್ದೆ, ಮೊಣಕಾಲ್ತನಕ ಕೆಸರು,
ಕುಂದವಾಡ ಕೆರೆ ಮಣ್ಣು ತುಳಿಯೋದು ಅರ್ಧಕ್ಕೆ ಬಿಟ್ಟು.

ತವರದ ಗಣಿ ತೋಡುವಾಗ ಸಿಕ್ಕಿದ್ದಂತೆ.
ನನಗೆ ಕೇಳಿಸಿದ್ದು ತವರಿನ ಗಣಿ.
ನನ್ನ ತವರೂ ಗಣಿಯ ಊರೇ, ಇಂಗಳದಾಳು.
ಅಲ್ಲಿ ತಾಮ್ರ ತೆಗೆದ್ರು, ತಲೆ ಸಿಗಲಿಲ್ಲ ಯಾರಿಗೂ.
ಸಿಕ್ಕಿದ್ರೆ ನಮ್ಮಜ್ಜಿ ಮುಖವೇ ಇರ್ತಿತ್ತೇನೋ,
ಅವಳಿಗೂ ಹಿಂಗೇ ಹಣೆ, ಹಿಂಗೇ ಬಿಗಿದ ತುರುಬು.

ಇನ್ನೊಂದು ತಲೆನ, ಮೇಷ್ಟ್ರು ನಗ್ತಾ ಹೇಳಿದ್ರು,
ಗೆಣಸಿನ ಹೊಲದಾಗೆ ಒಂದು ವರ್ಷ
ಕೋಲಿಗೆ ಸಿಕ್ಕಿಸಿ ನಿಲ್ಲಿಸಿದ್ರಂತೆ, ಹಕ್ಕಿ ಬೆದರಲಿ ಅಂತ.
ಹುಡುಗರೂ ನಕ್ಕರು. ನಾನು ನಗಲಿಲ್ಲ.
ನಮ್ಮಪ್ಪ ಆವಿಗೆಯಾಗೆ ಸೀಳಿದ ಗಡಿಗೆ ಎತ್ತಿಡ್ತಿದ್ದ,
ಶೇಂಗಾ ಹೊಲದೋರು ಬಂದು, ಬೋರಲು ಹಾಕಿ,
ಸುಣ್ಣದ ಬೊಟ್ಟಿಟ್ಟು ಒಯ್ತಿದ್ರು.
ನೀರು ನಿಲ್ಲದ ಗಡಿಗೆಗೆ
ಕಣ್ಣು ಬರ್ತಿತ್ತು ಆವಾಗ.

ಆ ತೂತು ಯಾಕೆ, ಕೇಳಿದ್ರು ಮೇಷ್ಟ್ರು.
ಒಬ್ಬ ಅಂದ, ಒಳಗಣ್ಣು. ಒಬ್ಬಳು ಅಂದಳು, ಶೂನ್ಯ.
ಇನ್ನೊಬ್ಬ ಏನೋ ಇಂಗ್ಲಿಷಿನಾಗೆ.
ಆವಿ ಹೋಗಾಕೆ ಕಣ್ರಪ್ಪಾ,
ಅಂದೆ, ಬಾಗಿಲಿಂದಲೇ. ಪೊಳ್ಳು ತಲೆ. ತೂತಿಲ್ದಿದ್ರೆ
ಬೆಂಕಿಯಾಗೆ ಢಮಾರ್.
ಮೇಷ್ಟ್ರು ಬರಕೊಂಡ್ರು.
ಆಮೇಲೆ ಗೀಟು ಹಾಕಿ ಹೊಡೆದ್ರು, ಕಂಡೆ.

ದೀಪಾವಳಿ ಕಳೆದ ಮ್ಯಾಲೆ ಪರೀಕ್ಷೆ. ಎಲ್ಲರೂ ಅಂಥದೊಂದು ತಲೆ ಮಾಡ್ಬೇಕು.
ಅಜ್ಮತ್ ಅವರಪ್ಪನ ಮಂಡಕ್ಕಿ ಭಟ್ಟಿಯಿಂದ ಹೊಟ್ಟು ತಂದ, ಹನ್ನೊಂದು ಚೀಲ.
ಉಳಿದ ಮಣ್ಣಾಗೆ ನಾನೂ ಒಂದು ಮಾಡಿದೆ, ಕದ್ದು.
ಹುರಿ ಹೊಸೆದು, ಸುತ್ತಿನ ಮ್ಯಾಲೆ ಸುತ್ತಿಟ್ಟು,
ಒಳಗಿಂದ ಹೆಬ್ಬೆಟ್ಟು ಒತ್ತಿ ಒತ್ತಿ.
ಹೊರಗಿನ ಗುರುತು ಒದ್ದೆಬಟ್ಟೆಯಾಗೆ ಒರೆಸ್ತೀವಿ,
ಒಳಗಿನದನ್ನ ಯಾರು ಒರೆಸ್ತಾರೆ?
ಆ ತಲೆಯೊಳಗೂ ಇರಬೇಕು ಯಾರದೋ ಹೆಬ್ಬೆಟ್ಟು.
ಮಾಡಿದೋರ ಹೆಸರು ಗೊತ್ತಿಲ್ಲ ಅಂತಾರೆ.
ಪಗಾರದ ಹಾಳೆಮ್ಯಾಲೆ ನಾನು ಒತ್ತೋದೂ ಅದನ್ನೇ.

ರಾತ್ರಿ ಎರಡು ಹೊಡೆದ ಮ್ಯಾಲೆ ಕಿಂಡಿಯಾಗೆ ಇಣುಕಿದೆ.
ಹೊಟ್ಟು ಸದ್ದಿಲ್ಲದೆ ಉರೀತಿತ್ತು.
ಇಪ್ಪತ್ತಾರು ತಲೆ. ಒಂದೊಂದರ ಕಣ್ಣೊಳಗಿಂದಲೂ ಕೆಂಪು.
ನೋಡ್ತಿದ್ವು. ನನ್ನನ್ನಲ್ಲ,
ನನ್ನ ಹಿಂದೆ ಯಾರೋ ನಿಂತಂಗೆ.
ತಿರುಗಲಿಲ್ಲ ನಾನು.
ಇನ್ನೊಂದು ಬುಟ್ಟಿ ಹೊಟ್ಟು ಸುರಿದೆ.

ಬೆಳಿಗ್ಗೆ ಮೂರು ಒಡೆದಿದ್ವು, ಕಣ್ಣು ಬರೀ ಗೀಚಿ ಬಿಟ್ಟೋರವು.
ನನ್ನದಕ್ಕೆ ಒಂದು ಕಿವಿ ಇಲ್ಲ.
ಕಾಲೇಜಿನ ಹಿಂದೆ ನಾನು ಹಾಕಿದ ನಾಕು ಸಾಲು ತೊಗರಿಯಾಗೆ
ಕೋಲಿಗೆ ಸಿಕ್ಕಿಸಿದ್ದೀನಿ ಅದನ್ನ.
ಗಿಳಿಗಳೇನು ಬೆದರಲ್ಲ,
ನೆತ್ತಿಮ್ಯಾಲೇ ಕೂತು ಕಾಯಿ ಸುಲೀತಾವೆ.