ಕೊಂಬು

ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವ ನಾನು.
ಕನ್ನಡ ಕಲತದ್ದು ಆಮ್ಯಾಲೆ,
ಗದಗಿನ ಟೇಶನ್ ರೋಡಿನ ಒಂದು ಛಾಪಖಾನಿಯೊಳಗ,
ತಿರಗಾಮುರಗಾ.
ಸೀಸದ ಮೊಳಿಯ ಮ್ಯಾಲೆ ಅಕ್ಷರ
ಕನ್ನಡಿಯೊಳಗಿನ ಮುಖದಂಗ ನಿಂತಿರತಿದ್ದವು.
ಅಂಗಡಿ ಬೋರ್ಡು ಸೀದಾ ಓದಾಕ
ನನಗ ಇವತ್ತಿಗೂ ತುಸು ತಡಾ.

ಫೋರಮನ್ ದಾವಲಸಾಬ.
ಬಾಯಿ ತುಂಬ ಎಲಿ, ಮಾತು ಕಡಿಮಿ.
ಕೇಸಿನ ಮನಿಮನಿಯೊಳಗ ಕಣ್ಣು ಮುಚ್ಚಿ ಕೈ ಹಾಕಿ
ಇದು ದೀರ್ಘ, ಇದು ಒತ್ತು, ಇದು ಕೊಂಬು ಅಂತ
ಬೆರಳಿಗೆ ಹೇಳಿಕೊಟ್ಟ, ತಲಿಗಲ್ಲ.
ಹತ್ತೊಂಬತ್ತು ತುಂಬೂದ್ರೊಳಗ ಪಳಗಿದೆ.
ಪಳಗೀನಿ ಅಂತ ಅಂದುಕೊಂಡೆ.

ಆ ವರ್ಷ ಮುಳಗುಂದದ ಕಡೆಯ ಒಬ್ಬ ಮಾಸ್ತರರು
ತಮ್ಮೂರಿನ ಕೆರಿ ಬಾವಿಗಳ ಮ್ಯಾಲೆ ಪುಸ್ತಕ ಬರದು ತಂದರು.
ನೂರಾ ಎಂಬತ್ತು ಪುಟ, ನಲವತ್ತೊಂದು ತಪ್ಪು.
ಕಡೀಕ ಒಂದು ತಿದ್ದುಪಡಿ ಪುಟ ಸೇರಸರಿ ಅಂದರು.
ನಾ ಒಬ್ಬನ ಕುಂತು ಮೊಳಿ ಜೋಡಿಸಿದೆ.
ಒಂದು ಪುಟಕ್ಕ ಪ್ರೂಫು ಯಾಕ ಬೇಕು?
ಐದುನೂರು ಪ್ರತಿ ಹೊಡದೆ.
ದಪ್ಪಕ್ಷರದೊಳಗ ಮ್ಯಾಲೆ ಇರಬೇಕಾದ್ದು
ತಪ್ಪು – ಒಪ್ಪು.
ಇದ್ದದ್ದು
ತುಪ್ಪ – ಒಪ್ಪು.

ದಾವಲಸಾಬ ಎಲಿ ಉಗುಳಿ ಬಂದು ನೋಡಿದ.
“ಇದ್ದ ಕೊಂಬೆಲ್ಲಾ ನಿನ್ನ ತಲಿಮ್ಯಾಲೆ ಮೂಡ್ಯಾವು,
ಅಕ್ಷರಕ್ಕ ಎಲ್ಲಿಂದ ತರತಿ?”

ಮೂರು ರಾತ್ರಿ. ಕಂದೀಲು, ಬ್ಲೇಡು, ಟಾಕು.
ತಕಾರದ ಕೊಂಬು ಕೆರದು ತಗೀಬೇಕು,
ಪಕಾರಕ್ಕ ಕೊಂಬು ಬರದು ಕೊಡಬೇಕು,
ಐದುನೂರು ಸಲ.
ಮೊದಲ ನೂರಕ್ಕ ಮಾಸ್ತರರನ್ನ ಬೈದೆ,
ಎರಡನೇ ನೂರಕ್ಕ ದಾವಲಸಾಬನ್ನ,
ಮೂರನೇದಕ್ಕ ಬೈಗಳ ತೀರಿದ್ದವು.
ನಾಕನೂರರ ಆಸುಪಾಸು ಎಲ್ಲೋ
ಕೈ ತಾನ ನಿಂತಿತು.
ಈ ಕೊಂಬಿಗೆ ಏನಾಗೇತಿ? ಮುರದಿಲ್ಲ, ಸವದಿಲ್ಲ,
ಕೇಸಿನಿಂದ ಖರೇ ಕೊಂಬನ್ನ ತಗದಿದ್ದೆ,
ಒಂದಕ್ಷರ ಮೊದಲ ಇಟ್ಟಿದ್ದೆ,
ಅಷ್ಟ.

ಮಾಸ್ತರರು ಬಂದು ಗಂಟು ಬಿಚ್ಚಿ ಒಂದು ಪ್ರತಿ ಎಳದರು,
ನನ್ನ ನಿದ್ದಿಗಣ್ಣು ತಪ್ಪಿಸಿಕೊಂಡಿದ್ದ ಅದೊಂದನ್ನ.
“ನಲವತ್ತೆರಡು” ಅಂದರು.
ಚೀಲಕ್ಕ ಹಾಕಿಕೊಂಡು ಹೋದರು.

ಅವತ್ತಿನಿಂದ ಒಂದು ವಹಿ ಇಟ್ಟೀನಿ,
ಕಿರಾಣಿ ಅಂಗಡಿಯ ಕೆಂಪು ರಟ್ಟಿನ ಉದ್ದನ ವಹಿ.
ಹಾಲಿನ ಸಂಘದ ವರದಿಗೆ ಹಾಳು ಸಂಘ ಅಂತ ಹೊಡದದ್ದು,
ಧನಸಹಾಯ ಮಾಡಿದ ಸಾವಕಾರರನ್ನ
ದನಸಹಾಯದ ಪಟ್ಟಿಗೆ ಕಟ್ಟಿದ್ದು,
ನಲವತ್ತಕ್ಕ ಮರಾಠಿ ಕೇಸು ಕಲಿಯಾಕ ಹೋಗಿ
ಒಬ್ಬರ ತಿಥಿ ಕಾರ್ಡಿಗೆ ಲಗ್ನದ ಬಾರ್ಡರು ಕಟ್ಟಿದ್ದು,
ಆಫ್‌ಸೆಟ್ ಬಂದಾಗ ಹಾಳು ಮಾಡಿದ ಹದಿನೇಳು ಪ್ಲೇಟು.
ತಂಗಿಗೆ ಬರದ ಒಂದು ಪತ್ರ ಸುದ್ದಾ ಐತಿ ಅದರಾಗ.
ಅಕ್ಷರ ಎಲ್ಲಾ ಸರಿ ಇದ್ದವು.
ಬರೀಬಾರದಿತ್ತು.
ಆ ಪುಟದ ಬಲಕ್ಕ, ಒಪ್ಪಿನ ಕಡೆ,
ಇನ್ನೂ ಖಾಲಿ ಬಿಟ್ಟೀನಿ.

ದಾವಲಸಾಬ ಹೋದ.
ಮೊಳಿಗೋಳು ಕಿಲೋ ಲೆಕ್ಕದಾಗ ಹೋದವು.

ಈಗ ಅರವತ್ತೊಂಬತ್ತು.
ಬೆಟಗೇರಿಯೊಳಗ ಬದ್ದಿಯವರ ಪಲ್ಲವಿ
ಕಂಪ್ಯೂಟರ್ ಅಂಗಡಿ ಇಟ್ಟಾಳ.
ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಾಗ ಹೋಗಿ ಕೂಡತೀನಿ.
ಫೀ ಬ್ಯಾಡ ಅಂದಳು, ಚಾ ನಂದು.
ಇಲ್ಲಿ ಅಕ್ಷರಕ್ಕ ತೂಕ ಇಲ್ಲ, ಉಗುರಾಗ ಮಸಿ ನಿಂದರೂದಿಲ್ಲ.
ತಪ್ಪಿದರ, “ಹಿಂದಕ ಒತ್ತರಿ ಅಜ್ಜಾ, ಹೋಗತೈತಿ” ಅಂತಾಳ.
ಎಲ್ಲಿಗೆ ಹೋಗತೈತಿ ಅಂತ ಕೇಳಿದೆ.
ಆಕಿಗೂ ಗೊತ್ತಿಲ್ಲ.

ನಿನ್ನೆ ಮೊದಲ ಸಲ ನನ್ನ ಹೆಸರು ನಾನ ಹೊಡದೆ,
ಒಂದ ಬೆರಳಿನಾಗ, ಹತ್ತು ಮಿನಿಟು.
ಗುದ್ಲೆಪ್ಪ ಅನ್ನೂದು
ಗದ್ಲೆಪ್ಪ ಆಗಿ ಕುಂತಿತ್ತು ಪರದೆ ಮ್ಯಾಲೆ.
ಹುಡುಗಿ ಬಿದ್ದುಬಿದ್ದು ನಕ್ಕಳು. ಮನ್ಯಾಗ ಕೇಳಿದರ
ಅದನ್ನ ಖರೇ ಅಂತಾರ ಅಂದೆ.
ಆಕಿ ಬೆರಳು ಅಳಸಾಕ ಹೊಂಟಿತ್ತು.
ತಡಿಯವಾ, ಅಂದೆ,
ಕಿಸೆದಾಗಿನ ಪೆನ್ನು ತಗದು
ವಹಿ ತೆರದು ತಾರೀಖು ಹಾಕಿ ಬರದೆ:
ಕೊಂಬು. ಮತ್ತ.