ಕುಪ್ಪಸದ ಗಂಟು

"ನೀವು ಮಸಾಜಿನವರೇನ್ರೀ?" ಎಂದ ಮಗ ಚನ್ನಮಲ್ಲ.
ಅಲ್ಲ ಅಂದೆ.
"ಹಂಗಾರ ಕರೆಂಟ್ ಹಿಡಿಯವರು?"
ಅದೂ ಅಲ್ಲ.
ಬಾಗಲಕೋಟೆ ನವನಗರದ ಈ ಆಸ್ಪತ್ರೆಯಲ್ಲಿ
ಆರು ವರ್ಷದಿಂದ ನಾನು ಏನೇನು ಅಲ್ಲ ಎಂಬುದನ್ನು
ದಿನಕ್ಕೆ ಎರಡು ಸಲವಾದರೂ ಹೇಳುತ್ತೇನೆ.
ಬಾಗಿಲ ಮೇಲೆ 'ಆಕ್ಯುಪೇಷನಲ್ ಥೆರಪಿ' ಇರಬೇಕಿತ್ತು,
ಪೇಂಟರು ಒಂದು ಒತ್ತಕ್ಷರ ನುಂಗಿದ್ದಾನೆ.

ಗುಳೇದಗುಡ್ಡದ ನೀಲಗಂಗವ್ವ. ಅರವತ್ತೊಂದು.
ಲಕ್ವಾ ಹೊಡೆದು ಹನ್ನೊಂದು ವಾರ. ಬಲಗೈ.
ಹೆಬ್ಬೆರಳು ಅಂಗೈಯೊಳಗೆ ಅಡಗಿ ಕೂತಿದೆ,
ಬೈಸಿಕೊಂಡ ಹುಡುಗ ಕಂಬದ ಹಿಂದೆ ನಿಂತ ಹಾಗೆ.

ನಾನು ಜಾಣೆ. ಮೊದಲೇ ತಂದಿಟ್ಟಿದ್ದೆ
ಪರಾತದಲ್ಲಿ ಜೋಳದ ಹಿಟ್ಟು, ಚೆಂಬಿನಲ್ಲಿ ಬಿಸಿನೀರು.
ರೊಟ್ಟಿ ಬಡಿಯಲಿ, ಎರಡೂ ಕೈ ಕೂಡಿ ಆಡಲಿ.
ಇಡೀ ಜಿಲ್ಲೆಯ ಹೆಂಗಸರಿಗೆ ನನ್ನ ಬಳಿ ಅದೊಂದೇ ಉತ್ತರ.
ಆಕೆ ಹಿಟ್ಟು ನೋಡಿದಳು. ನನ್ನನ್ನು ನೋಡಿದಳು.
"ನಲವತ್ತೈದು ವರ್ಷ ಬಡದೇನಿ ಯವ್ವಾ. ಇನ್ನ ಸೊಸಿ ಬಡೀಲಿ.
ನಿನಗ ಏನ ಬೇಕು ಅಂತ ನೀ ನನ್ನ ಕೇಳಲೇ ಇಲ್ಲಲ್ಲ?"

ಕೇಳಿದೆ.
ಮಗ ಹೊರಗೆ ಹೋಗಲೆಂದು ಕಾದು, ದನಿ ಇಳಿಸಿ,
ಎಡಗೈಯನ್ನು ಎದೆಯ ಮೇಲಿಟ್ಟು ಹೇಳಿದಳು:
"ಇದರ ಗಂಟು.
ದಿನಾ ಮುಂಜಾನೆ ಸೊಸಿ ಮುಂದ
ಎದಿ ತೆರಕೊಂಡು ನಿಂದರೂದು ಒಲ್ಲೆ.
ಇದೊಂದು ನಂದ ನಾ ಕಟಗೊಬೇಕು."

ಫೈಲಿನಲ್ಲಿ 'ಗುರಿ' ಎಂಬ ಕಾಲಂ ಇದೆ.
ಬರೆದದ್ದನ್ನು ಹೊಡೆದು ಹಾಕಿದೆ. ಪಕ್ಕದಲ್ಲಿ ಸಹಿ, ತಾರೀಖು.
ತಪ್ಪು ತಿದ್ದುವುದಕ್ಕೂ ನಮ್ಮಲ್ಲಿ ಒಂದು ಶಿಸ್ತಿದೆ.

ಮೊದಲು ಹಲಗೆಗೆ ಮೊಳೆ ಹೊಡೆದ ಎರಡು ಹುರಿ.
ಆಮೇಲೆ ಖಣದ ತುಂಡು, ಅವಳೂರಿನದೇ.
ಆಮೇಲೆ ದಿಂಬಿಗೇ ಕುಪ್ಪಸ ತೊಡಿಸಿದೆವು;
ಸರದಿಯಲ್ಲಿ ಕೂತಿದ್ದ ಮುಧೋಳದ ಮುದುಕಿ
ದಿಂಬಿಗೆ ದೃಷ್ಟಿ ತೆಗೆದಳು.

ಬಟ್ಟೆಯ ತುದಿ ಜಾರಿತು. ಮತ್ತೆ ಜಾರಿತು.
ಹೆಬ್ಬೆರಳು ಇಣುಕಿ ಒಳಹೊಕ್ಕಿತು.
ಎರಡು ಸೆಕೆಂಡಿನ ಕೆಲಸ ನನ್ನ ಬೆರಳಿಗೆ.
ನನಗೆ ಕಲಿಯಲು ವರ್ಷಗಟ್ಟಲೆ ಹಿಡಿದದ್ದು ಇಷ್ಟೇ:
ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡು ನಿಲ್ಲುವುದು.
ಅಲ್ಲಿ ಅವು, ಯಾರಿಗೂ ಕಾಣದಂತೆ,
ಬರಿ ಗಾಳಿಗೆ ಗಂಟು ಹಾಕಿ ಹಾಕಿ ಬಿಚ್ಚಿದವು.

ಒಂಬತ್ತನೆಯ ವಾರ, ಬುಧವಾರ. ಪರದೆ ಎಳೆದಿತ್ತು.
"ಅತ್ಲಾಗ ಮುಖ ಮಾಡು" ಎಂದಳು.
ಗೋಡೆಯ ಮೇಲೆ ಕೈಯ ಚಿತ್ರಪಟ.
ಇಪ್ಪತ್ತೇಳು ಎಲುಬು ಎಣಿಸಿದೆ.
ತಿರುಗಿ ಎಣಿಸಿದೆ, ಇಪ್ಪತ್ತಾರೇ ಬಂತು.
ಹೊರಗೆ ಯಾರೋ ಬಾಗಿಲು ಬಡಿದರು.
ಹಿಂದೆ ಬಳೆಯ ಸದ್ದು. ಬಿಗಿ ಹಿಡಿದ ಉಸಿರು.
ಬಲಗೈಗೆ ಒಂದು ಬೈಗುಳ.

"ಹೂಂ."

ತಿರುಗಿದೆ.
ಗಂಟು ಓರೆ, ಸಡಿಲ, ಒಂದು ಕಿವಿ ಉದ್ದ.
ಸರಿ ಮಾಡಲು ನನ್ನ ಕೈ ತಾನಾಗಿ ಮುಂದೆ ಹೋಯಿತು.
ಆಕೆ ಸೆರಗು ಹೊದ್ದಳು.