ಕಟೌಟು

ಕಟೌಟು ಅಂದರೆ ಥಿಯೇಟರಿನ ಮುಂದೆ ಹಾಲು ಸುರಿಸಿಕೊಳ್ಳುವವನಲ್ಲ.
ಹಳೇ ಲಾರಿಗಳಲ್ಲಿ ಡೈನಮೋ ಪಕ್ಕ ಇರುತ್ತಿತ್ತಲ್ಲ, ಕರೀ ಡಬ್ಬಿ,
ಬ್ಯಾಟರಿಯ ಕರೆಂಟು ಹಿಂದಕ್ಕೆ ಹರಿಯದ ಹಾಗೆ ಕಾಯುವುದು,
ಅದರ ಹೆಸರಿಟ್ಟೆ ನಾಯಿಗೆ.
ಆಟೋ ಕಾಂಪ್ಲೆಕ್ಸಿನ ನನ್ನ ಶೆಡ್ಡಿಗೆ ಇದೂ ಕಾವಲು,
ಇದೂ ಕರೀದು.

ರಿವರ್ಸು ಬಂದ ಟಿಪ್ಪರು ಭುಜಕ್ಕೆ ತಾಗಿ
ಹದಿನೆಂಟು ದಿನ. ಮೂಳೆ ಮುರಿದಿಲ್ಲ, ರಕ್ತ ಬಂದಿಲ್ಲ.
ಮುಂದಿನ ಎಡಗಾಲು ಮಾತ್ರ ಕಿತ್ತ ಹಾರ್ನಿನ ವೈರಿನ ಹಾಗೆ
ನೇತಾಡುತ್ತದೆ, ಪಂಜ ಮಗುಚಿ ನೆಲಕ್ಕೆ ಉಜ್ಜುತ್ತದೆ.
ಬೆರಳ ಸಂದಿ ಚಿವುಟಿದರೆ ತಿರುಗಿ ನೋಡುತ್ತದೆ.
"ಅದು ಒಳ್ಳೇದು" ಅಂದರು ಡಾಕ್ಟರು ಮೇದಿನಿ,
ನೋವಾಗುವುದು ಒಳ್ಳೇದು ಅಂತ ನನಗೆ ಹೇಳಿದ ಮೊದಲ ಡಾಕ್ಟರು.

ಶಿವಮೊಗ್ಗದ ವೆಟರ್ನರಿ ಆಸ್ಪತ್ರೆ. ಚೀಟಿಯಲ್ಲಿ ಬರೆದರು:
ಮಾಲೀಕರು, ಮೌನೇಶಾಚಾರಿ. ವೃತ್ತಿ, ಆಟೋ ಎಲೆಕ್ಟ್ರಿಷಿಯನ್.
"ಹಾಗಾದರೆ ನಿಮಗೆ ಅರ್ಥ ಆಗುತ್ತೆ, ಒಳಗೆ ಬನ್ನಿ."

ಅರ್ಥ ಆಯಿತು, ಅರ್ಧ.
ಮತ್ತು ಕೊಟ್ಟು ಮಲಗಿಸಿದರು. ನಾಲಿಗೆ ಹೊರಗೆ.
ಬೆನ್ನಿಗೊಂದು ಅರ್ತಿಂಗು. ಅದಿಲ್ಲದೆ ನಾನೂ ಏನೂ ಮುಟ್ಟುವುದಿಲ್ಲ.
ಕೂದಲಿನಷ್ಟು ಸಣ್ಣ ಸೂಜಿ, ಸೂಜಿಯ ಬಾಲಕ್ಕೆ ವೈರು,
ವೈರಿನ ಕೊನೆಗೆ ಪರದೆ, ಪರದೆಯ ಪಕ್ಕ ಸ್ಪೀಕರು.
ಮೊದಲು ಬಲಗಾಲಿಗೆ.
ಚುಚ್ಚಿದ ಕ್ಷಣ ಗರ್ ಅಂದಿತು, ಆಮೇಲೆ
ಏನೂ ಇಲ್ಲ. ಗೆರೆ ನೇರ. ನನ್ನ ಎದೆ ಧಸಕ್ಕೆಂದಿತು.
ನಮ್ಮಲ್ಲಿ ಸದ್ದಿಲ್ಲ ಅಂದರೆ ಫ್ಯೂಸು ಹೋಗಿದೆ ಅಂತ.
"ಇದು ಆರೋಗ್ಯ" ಅಂದರು. "ಮಲಗಿದ ಸ್ನಾಯು
ಸುಮ್ಮನಿರಬೇಕು."

ಆಮೇಲೆ ಎಡಗಾಲು.
ಕಾದೆಣ್ಣೆಗೆ ಸಾಸಿವೆ ಬಿದ್ದ ಹಾಗೆ
ಚಿಟಚಿಟ ಚಿಟಚಿಟ, ನಿಲ್ಲದೆ.
ನಾಯಿ ಅಲ್ಲಾಡುತ್ತಿಲ್ಲ, ಕಾಲು ಕಲ್ಲು,
ಒಳಗೆ ಮಾತ್ರ ಈ ಒಗ್ಗರಣೆ.
ಮೇಲಿನಿಂದ ಹೇಳುವವರು ಯಾರೂ ಇಲ್ಲದ ಮಾಂಸ
ತನಗೆ ತಾನೇ ಮಾತಾಡಿಕೊಳ್ಳುತ್ತದಂತೆ.
ಹೆಂಡತಿ ಹೋದ ವರ್ಷ ಶೆಡ್ಡಿನಲ್ಲಿ ನಾನೂ ಹಾಗೇ.
ಗಿರಾಕಿ ಬಂದರೆ ರಫೀಕ ರೇಡಿಯೋ ಜೋರು ಮಾಡುತ್ತಿದ್ದ.

ಕೊನೆಗೆ ನರಕ್ಕೇ ಕರೆಂಟು.
ಕಂಕುಳ ಹತ್ತಿರ ಒಮ್ಮೆ, ಮೊಣಕೈ ಹತ್ತಿರ ಒಮ್ಮೆ,
ಟೇಪು ಹಿಡಿದು ನಡುವಿನ ದೂರ ಅಳೆದರು.
ಬಲಗಾಲಲ್ಲಿ ಸೆಕೆಂಡಿಗೆ ಅರವತ್ತೆಂಟು ಮೀಟರು!
ತುಂಗೆಯ ಸೇತುವೆ ಮೇಲೆ ಯಾವ ಬಸ್ಸೂ ಹಾಗೆ ಹೋಗಿಲ್ಲ.
ಪಂಜ ಜಿಗಿಯಿತು, ಪರದೆಯಲ್ಲಿ ಕೊಡಚಾದ್ರಿ ಎದ್ದಿತು.
ಎಡಗಾಲಲ್ಲಿ ಕರೆಂಟು ಏರಿಸಿದರು, ಇನ್ನೂ ಏರಿಸಿದರು,
ಕಟ್ಟಕಡೆಗೆ ಒಂದು ಗೆದ್ದಲುಹುತ್ತ.
ಹುತ್ತ ನೋಡಿ ಡಾಕ್ಟರು ನಕ್ಕರು, ಆವತ್ತು ಅದೇ ಮೊದಲು.
"ಕೆಲವು ಎಳೆ ಉಳಿದಿವೆ."

ಎಳೆ ಅಂದರೆ ನನಗೆ ಗೊತ್ತು. ಒಂದೇ ಎಳೆಯಲ್ಲಿ
ದೀಪ ಉರಿಸಿಕೊಂಡು ಆಗುಂಬೆ ಘಾಟಿ ಇಳಿದ ಗಾಡಿ ನೋಡಿದ್ದೇನೆ.
ಕಡಿದದ್ದಕ್ಕೆ ಗಂಟು ಹಾಕಿ ಟೇಪು ಸುತ್ತಿ ಅಂದೆ.
ಇದಕ್ಕೆ ಬೆಸುಗೆ ಇಲ್ಲವಂತೆ. ವೈರೇ ಬೆಳೆದು ಬರಬೇಕಂತೆ,
ದಿನಕ್ಕೆ ಒಂದು ಮಿಲಿಮೀಟರು,
ಬಂದರೆ.

ಶೆಡ್ಡಿಗೆ ಬಂದು ವರ್ನಿಯರು ಒಂದು ಮಿಲಿಮೀಟರು ತೆರೆದು
ಬೆಳಕಿಗೆ ಹಿಡಿದೆ. ರಫೀಕನಿಗೂ ತೋರಿಸಿದೆ.
ಭುಜದಿಂದ ಪಂಜಕ್ಕೆ ಮೂವತ್ತಾರು ಸೆಂಟಿಮೀಟರು.
ಲೆಕ್ಕ ಅವನೇ ಮಾಡಿದ: ಮುಂದಿನ ಆಯುಧಪೂಜೆ.

ಸೈಕಲ್ ಟ್ಯೂಬು ಕತ್ತರಿಸಿ ಪಂಜಕ್ಕೆ ಬೂಟು ಹೊಲಿಯುತ್ತೇನೆ.
ವಾರಕ್ಕೊಂದು ಸವೆಯುತ್ತದೆ, ಮೇಲುಬದಿಯಲ್ಲಿ,
ನೆಲಕ್ಕೆ ಉಜ್ಜುವ ಜಾಗದಲ್ಲಿ.
ಹಳೇವು ಮೊಳೆಗೆ ಸಾಲಾಗಿ ನೇತಾಡುತ್ತಿವೆ.
ಹತ್ತೊಂಬತ್ತನೆಯದು ಸವೆದದ್ದು
ಮೇಲುಬದಿಯಲ್ಲಲ್ಲ, ಸ್ವಲ್ಪ ಅಂಚಿನಲ್ಲಿ.
ಗಂಟು ನಾನೇ ಓರೆ ಕಟ್ಟಿದ್ದೆನೇನೋ.
ಇಪ್ಪತ್ತನೆಯದನ್ನು ನೆಟ್ಟಗೆ ಕಟ್ಟಿ ಬಿಟ್ಟಿದ್ದೇನೆ.